ಆವೃತ್ತಿಯ ಮುಂದೂಡಿಕೆ, ಭದ್ರತೆಯ ದುರಸ್ತಿ: ಗಡಿನಾಡ ಕನ್ನಡಿಗನ ಸ್ಮಾರ್ಟ್‌ಫೋನು

ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಚರ್ಚೆ ಬಹುಕಾಲದಿಂದ ಶಾಲೆ, ಕಚೇರಿ ಮತ್ತು ನ್ಯಾಯಾಲಯಗಳ ಸುತ್ತ ನಡೆದಿದೆ. ಸಂವಿಧಾನದ 350ನೆಯ ವಿಧಿ ಪ್ರಜೆಯು ತನ್ನ ದೂರನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂದು ಹೇಳುತ್ತದೆ. 1956ರ ಏಳನೆಯ ತಿದ್ದುಪಡಿ ಇದಕ್ಕೆ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣವನ್ನೂ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯ ನೇಮಕವನ್ನೂ ಸೇರಿಸಿತು. ಪ್ರಜೆ ಮಾತನಾಡುತ್ತಾನೆ, ಕಚೇರಿ ಕೇಳುತ್ತದೆ ಎಂಬುದು ಈ ವಿಧಿಗಳ ಹಿಂದಿನ ಕಲ್ಪನೆ. ಈಗ ಪರಿಸ್ಥಿತಿ ಒಂದಿಷ್ಟು ತಿರುಗಿದೆ. ಪ್ರಜೆಯ ಜೇಬಿನಲ್ಲಿರುವ ಯಂತ್ರವೇ ಅವನನ್ನು ಪ್ರಶ್ನಿಸುತ್ತದೆ: ಹೊಸತನ್ನು ಈಗಲೇ ಸ್ಥಾಪಿಸಬೇಕೆ, ಅಥವಾ ಆಮೇಲೆ ನೋಡೋಣವೆ? ಈ ಪ್ರಶ್ನೆ ಯಾವ ಭಾಷೆಯಲ್ಲಿ ಬರುತ್ತದೆ ಮತ್ತು ಉತ್ತರಿಸುವವನಿಗೆ ಅದರ ಅರ್ಥ ಎಷ್ಟು ತಿಳಿದಿರುತ್ತದೆ ಎಂಬುದನ್ನು ಭಾಷಾ ಅಧ್ಯಯನವು ಇನ್ನು ಕಡೆಗಣಿಸುವಂತಿಲ್ಲ.

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಜತ್ತ ತಾಲ್ಲೂಕಿನ ವಳಸಂಗ ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ನೆಲೆ. (ಸೊಲ್ಲಾಪುರ ಜಿಲ್ಲೆಯಲ್ಲಿಯೂ ಇದೇ ಹೆಸರಿನ ಊರೊಂದಿದೆ, ಇಲ್ಲಿ ಉದ್ದಿಷ್ಟವಾದುದು ಜತ್ತದ ವಳಸಂಗ.) ಜತ್ತ ತಾಲ್ಲೂಕು ಅಥಣಿ ಮತ್ತು ವಿಜಯಪುರ ಸೀಮೆಗಳಿಗೆ ಹೊಂದಿಕೊಂಡಿದೆ. ಮನೆಮಾತು ಕನ್ನಡ, ಆಡಳಿತದ ಭಾಷೆ ಮರಾಠಿ ಎಂಬ ಸ್ಥಿತಿ ಇಲ್ಲಿನ ಹಲವು ಹಳ್ಳಿಗಳದು. ಕನ್ನಡ ಮಾಧ್ಯಮದ ಮಕ್ಕಳು ಓದುವ ಪಠ್ಯಪುಸ್ತಕಗಳನ್ನು ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೇ ಪ್ರಕಟಿಸುತ್ತದೆ. ಆ ಪುಸ್ತಕಗಳ ಕ್ಯೂಆರ್ ಸಂಕೇತವನ್ನು ಓದಿ ದೀಕ್ಷಾ ವೇದಿಕೆಯ ಸಾಮಗ್ರಿಯನ್ನು ತೆರೆಯುವುದು ಮೊಬೈಲು. ರೈತನು ತನ್ನ ಹೊಲದ ಬೆಳೆಯನ್ನು ತಾನೇ ದಾಖಲಿಸುವ ‘ಇ-ಪೀಕ ಪಾಹಣಿ’ ಆ್ಯಪ್ 2021ರ ಆಗಸ್ಟ್ 15ರಿಂದ ಮಹಾರಾಷ್ಟ್ರದಾದ್ಯಂತ ಜಾರಿಗೆ ಬಂದಿತು. ಸಾತಬಾರಾ ಉತಾರದಲ್ಲಿ ಬೆಳೆಯ ಹೆಸರು ಸೇರುವುದು ಆ ದಾಖಲೆಯ ಮೂಲಕ. ಬ್ಯಾಂಕಿನ ವ್ಯವಹಾರ ಯುಪಿಐ ಮೂಲಕ ಅದೇ ಮೊಬೈಲಿನಲ್ಲಿ ನಡೆಯುತ್ತದೆ. ಹೀಗೆ ಶಾಲೆ, ಹೊಲ ಮತ್ತು ಹಣ ಮೂರೂ ಒಂದೇ ಸಾಧನದಲ್ಲಿ ಕೂಡಿರುವಾಗ ಆ ಸಾಧನದ ತಂತ್ರಾಂಶವನ್ನು ಯಾವಾಗ ಬದಲಿಸಬೇಕೆಂಬುದು ಕೇವಲ ತಾಂತ್ರಿಕ ವಿಷಯವಾಗಿ ಉಳಿಯುವುದಿಲ್ಲ.

ಒಂದು ಹೆಸರು, ಎರಡು ಕ್ರಿಯೆ

ಗೊಂದಲದ ಮೂಲ ಪದದಲ್ಲಿಯೇ ಇದೆ. ಕನ್ನಡದಲ್ಲಿ ‘ಪಹಣಿ’ ಎಂದರೆ ಭೂದಾಖಲೆಯ ಪತ್ರ. ಮರಾಠಿಯಲ್ಲಿ ‘ಪಾಹಣಿ’ ಎಂದರೆ ಪರಿಶೀಲನೆ, ಕಣ್ಣಾರೆ ನೋಡುವ ಕ್ರಿಯೆ. ಎರಡೂ ಭಾಷೆ ಬಲ್ಲ ಗಡಿನಾಡಿನವರಿಗೆ ಈ ಭೇದ ತಿಳಿದಿದೆ. ಒಂದನ್ನು ಇನ್ನೊಂದೆಂದು ಅವರು ಭ್ರಮಿಸುವುದಿಲ್ಲ. ‘ಅಪ್‌ಡೇಟ್’ ಎಂಬ ಪದದ ವಿಷಯದಲ್ಲಿ ಈ ಎಚ್ಚರ ಇನ್ನೂ ಬೆಳೆದಿಲ್ಲ. ಕನ್ನಡದಲ್ಲಿ ‘ನವೀಕರಣ’ ಎಂದರೂ ‘ಅಪ್‌ಡೇಟ್’ ಎಂದರೂ ಅದು ಎರಡು ಬೇರೆ ಬೇರೆ ಕ್ರಿಯೆಗಳನ್ನು ಒಂದೇ ಹೆಸರಿನಲ್ಲಿ ಮುಚ್ಚುತ್ತದೆ.

ಮೊದಲನೆಯದು ಕಾರ್ಯಾಚರಣ ವ್ಯವಸ್ಥೆಯ ಆವೃತ್ತಿ ಬದಲಾಗುವುದು: ಆಂಡ್ರಾಯ್ಡ್ 13ರಿಂದ 14ಕ್ಕೆ, ಐಓಎಸ್ 16ರಿಂದ 17ಕ್ಕೆ. ಇದರಲ್ಲಿ ಪರದೆಯ ವಿನ್ಯಾಸ, ಆ್ಯಪ್‌ಗಳಿಗೆ ಸಲ್ಲುವ ಅನುಮತಿಗಳ ನಿಯಮ, ಕಡತಗಳನ್ನು ಇಡುವ ಕ್ರಮ, ಕೀಲಿಮಣೆಯ ನಡವಳಿಕೆ ಎಲ್ಲವೂ ಬದಲಾಗಬಹುದು. ಎರಡನೆಯದು ಭದ್ರತಾ ದುರಸ್ತಿ. ಇರುವ ಆವೃತ್ತಿಯನ್ನು ಇದ್ದಂತೆಯೇ ಉಳಿಸಿ, ಅದರಲ್ಲಿ ಪತ್ತೆಯಾದ ದೋಷಗಳನ್ನು ಮಾತ್ರ ಇದು ಮುಚ್ಚುತ್ತದೆ. ಮೊದಲನೆಯದು ಮನೆಯನ್ನು ಕೆಡವಿ ಕಟ್ಟಿಸಿದಂತೆ. ಎರಡನೆಯದು ಮುರಿದ ಚಿಲಕವನ್ನು ಸರಿಪಡಿಸಿದಂತೆ. ಮನೆ ಕಟ್ಟಿಸುವುದನ್ನು ಸುಗ್ಗಿಯ ನಂತರಕ್ಕೆ ಇಟ್ಟುಕೊಳ್ಳಬಹುದು. ಚಿಲಕದ ಕೆಲಸವನ್ನು ಹಾಗೆ ಮುಂದಕ್ಕೆ ಹಾಕಲಾಗದು.

ಈ ಎರಡನೆಯ ಕ್ರಿಯೆಗೆ ಈಗಿರುವ ನಿಯತ ಕ್ರಮ ಬಂದದ್ದು ಒಂದು ಆತಂಕದ ಫಲವಾಗಿ. 2015ರ ಜುಲೈನಲ್ಲಿ ಆಂಡ್ರಾಯ್ಡ್‌ನ ‘ಸ್ಟೇಜ್‌ಫ್ರೈಟ್’ ಎಂಬ ಭಾಗದಲ್ಲಿದ್ದ ದೋಷಗಳು ಬಹಿರಂಗವಾದವು. ಚಿತ್ರ ಅಥವಾ ದೃಶ್ಯವನ್ನೊಳಗೊಂಡ ಸಂದೇಶವೊಂದರ ಮೂಲಕವೇ ಫೋನಿನೊಳಗೆ ನುಗ್ಗಲು ಸಾಧ್ಯವಿದೆಯೆಂದು ಅವು ತೋರಿಸಿಕೊಟ್ಟವು. ಅದರ ಮರುತಿಂಗಳಿಂದಲೇ ಗೂಗಲ್ ಪ್ರತಿ ತಿಂಗಳ ಭದ್ರತಾ ಪ್ರಕಟಣೆಯನ್ನು ಆರಂಭಿಸಿತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಾಣುವ ‘ಭದ್ರತಾ ಅಪ್‌ಡೇಟ್’ ದಿನಾಂಕವು ಈ ಪ್ರಕಟಣೆಗಳಲ್ಲಿ ಯಾವ ತಿಂಗಳಿನವರೆಗಿನ ದುರಸ್ತಿಗಳು ಆ ಫೋನಿನಲ್ಲಿವೆ ಎಂಬುದನ್ನು ಸೂಚಿಸುತ್ತದೆ. ಆ ದಿನಾಂಕವು ತಿಂಗಳ 1 ಆಗಿದ್ದರೆ ಆಂಡ್ರಾಯ್ಡ್‌ನ ಸಾಮಾನ್ಯ ಭಾಗದ ದುರಸ್ತಿಗಳು ಸೇರಿವೆ. 5 ಆಗಿದ್ದರೆ ಒಳತಿರುಳು ಮತ್ತು ಚಿಪ್ ತಯಾರಕರ ಭಾಗಗಳ ದುರಸ್ತಿಗಳೂ ಸೇರಿವೆ.

ಮೂರನೆಯ ದಿನಾಂಕವೂ ಒಂದಿದೆ. 2019ರ ಆಂಡ್ರಾಯ್ಡ್ 10ರಿಂದ ವ್ಯವಸ್ಥೆಯ ಕೆಲವು ಭಾಗಗಳನ್ನು ಬಿಡಿಬಿಡಿಯಾಗಿ ಗೂಗಲ್ ಪ್ಲೇ ಮೂಲಕವೇ ಬದಲಿಸುವ ಏರ್ಪಾಟು ಬಂದಿತು. ‘ಗೂಗಲ್ ಪ್ಲೇ ಸಿಸ್ಟಂ ಅಪ್‌ಡೇಟ್’ ಎಂದು ಕಾಣುವುದು ಇದೇ. ಫೋನ್ ತಯಾರಿಸಿದ ಕಂಪನಿಯ ದಾರಿ ಕಾಯದೆ ಇದು ಬರುತ್ತದೆ. ಆವೃತ್ತಿಯ ಸಂಖ್ಯೆ, ಭದ್ರತೆಯ ದಿನಾಂಕ, ಪ್ಲೇ ಸಿಸ್ಟಂನ ದಿನಾಂಕ — ಈ ಮೂರನ್ನೂ ಬೇರೆ ಬೇರೆಯಾಗಿ ಓದಬಲ್ಲವನು ತನ್ನ ಫೋನಿನ ಸ್ಥಿತಿಯನ್ನು ಬಲ್ಲನು.

ಮುಂದೂಡುವವರ ಕಾರಣಗಳು

ಆವೃತ್ತಿಯನ್ನು ಮುಂದೂಡುವವರೆಲ್ಲರೂ ಸೋಮಾರಿಗಳೆಂದೋ ಅಜ್ಞರೆಂದೋ ಬಗೆಯುವುದು ಸರಿಯಲ್ಲ. ಸಣ್ಣ ಭಾಷೆಗಳ ಬಳಕೆದಾರರಿಗೆ ಮುಂದೂಡಲು ಗಟ್ಟಿ ಕಾರಣಗಳೇ ಇರುತ್ತವೆ. ಕನ್ನಡದ ನಿಘಂಟು, ಕೀಲಿಮಣೆ, ವಚನ ಸಂಗ್ರಹ, ಪಂಚಾಂಗ ಮೊದಲಾದ ಎಷ್ಟೋ ಆ್ಯಪ್‌ಗಳನ್ನು ಉತ್ಸಾಹಿಗಳು ಒಬ್ಬರೇ ಕುಳಿತು ರಚಿಸಿ, ಆಮೇಲೆ ಕೈಬಿಟ್ಟಿರುತ್ತಾರೆ. ಅಂಥ ಆ್ಯಪ್‌ಗಳಿಗೆ ಹೊಸ ಆವೃತ್ತಿ ಅಪಾಯಕಾರಿ. 2023ರ ಆಂಡ್ರಾಯ್ಡ್ 14, ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ನಿಯಮಗಳಿಗೆ ಅನುಗುಣವಾಗಿ ರಚಿತವಾದ ಆ್ಯಪ್‌ಗಳ ಹೊಸ ಸ್ಥಾಪನೆಯನ್ನು ತಡೆಯುತ್ತದೆ. ಮೊದಲೇ ಇದ್ದವು ಉಳಿಯುತ್ತವೆ. ಒಮ್ಮೆ ಅಳಿಸಿಹೋದರೆ ಮರಳಿ ಸ್ಥಾಪಿಸುವುದು ಕಷ್ಟ. ಹಳೆಯ ಆ್ಯಪ್‌ಗಳು ಫೋನಿನ ಭದ್ರತೆಯನ್ನು ಸಡಿಲಗೊಳಿಸುತ್ತವೆಂಬುದು ಈ ತಡೆಗೆ ಕೊಟ್ಟ ಕಾರಣ, ಕಾರಣವು ನಿಜವೇ. ಆದರೆ ದೊಡ್ಡ ಭಾಷೆಯ ಬಳಕೆದಾರನಿಗೆ ಹತ್ತು ಪರ್ಯಾಯಗಳು ಇರುವಲ್ಲಿ ಸಣ್ಣ ಭಾಷೆಯವನಿಗೆ ಒಂದೂ ಇಲ್ಲದಿರಬಹುದು.

ಕ್ಷೇತ್ರಕಾರ್ಯದಲ್ಲಿ ತೊಡಗಿದ ಸಂಶೋಧಕರಿಗೆ ಇನ್ನೊಂದು ಕಾರಣವಿದೆ. 2020ರ ಆಂಡ್ರಾಯ್ಡ್ 11ರಿಂದ ಆ್ಯಪ್‌ಗಳು ಫೋನಿನ ಸಾಮಾನ್ಯ ಸಂಗ್ರಹದಲ್ಲಿ ಕಡತಗಳನ್ನು ಮನಬಂದಂತೆ ಇಡುವ, ಓದುವ ಸ್ವಾತಂತ್ರ್ಯ ಬಹುಮಟ್ಟಿಗೆ ಮೊಟಕಾಯಿತು. ಬಳಕೆದಾರನ ಖಾಸಗಿತನಕ್ಕೆ ಇದು ಹಿತಕರ. ಆದರೆ ಹಾಡು, ಕಥೆ, ಸಂಭಾಷಣೆಗಳ ಧ್ವನಿಮುದ್ರಣವನ್ನು ಹಳೆಯ ಆ್ಯಪ್ ಒಂದರಲ್ಲಿ ನಡೆಸುತ್ತಿದ್ದವನು ಸಂಗ್ರಹದ ನಡುವೆ ಇಂಥ ಬದಲಾವಣೆಗೆ ಹಿಂಜರಿಯುವುದು ವಿವೇಕವೇ ಸರಿ. ಮೇಲಾಗಿ ಈ ಏಣಿ ಹತ್ತುವುದಕ್ಕೆ ಮಾತ್ರ ಇರುವಂಥದು. ಹಳೆಯ ಆವೃತ್ತಿಗೆ ಇಳಿಯುವುದನ್ನು ತಯಾರಕರು ಸಾಮಾನ್ಯವಾಗಿ ತಡೆಯುತ್ತಾರೆ. ಇಳಿಯಲು ಸಾಧ್ಯವಾದರೂ ಬಹುತೇಕ ಫೋನಿನಲ್ಲಿರುವುದೆಲ್ಲ ಅಳಿಸಬೇಕಾಗುತ್ತದೆ. ಮುಂದೂಡಿದ ನಿರ್ಧಾರವನ್ನು ನಾಳೆ ಬದಲಿಸಬಹುದು, ಏರಿದ ನಿರ್ಧಾರವನ್ನು ಬದಲಿಸಲಾಗದು. ಕೆಲವು ವಾರ ಕಾದು ನೋಡುವವನ ಬುದ್ಧಿಗೆ ಇದೇ ಆಧಾರ.

ಕನ್ನಡಕ್ಕೆ ದಕ್ಕಿದ್ದು ಆವೃತ್ತಿಗಳಿಂದಲೇ

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷವನ್ನೂ ಹೇಳಬೇಕು. ಕನ್ನಡವು ಮೊಬೈಲಿನಲ್ಲಿ ಪಡೆದ ಸ್ಥಾನವೆಲ್ಲವೂ ಆವೃತ್ತಿಗಳ ಏರಿಕೆಯಿಂದಲೇ ಬಂದದ್ದು. 1991ರ ಮೊದಲ ಯೂನಿಕೋಡ್‌ನಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಖಂಡ ಮೀಸಲಾಯಿತು. ಆದರೆ ಸಂಕೇತಸ್ಥಾನ ಸಿಕ್ಕ ಮಾತ್ರಕ್ಕೆ ಅಕ್ಷರ ಪರದೆಯ ಮೇಲೆ ಮೂಡುವುದಿಲ್ಲ. ಒತ್ತು, ದೀರ್ಘ, ಅರ್ಕಾವತ್ತುಗಳನ್ನು ಜೋಡಿಸುವ ತಂತ್ರಾಂಶ ಬೇಕು. ಆಂಡ್ರಾಯ್ಡ್‌ನಲ್ಲಿ ಕನ್ನಡ, ತೆಲುಗು, ಮಲಯಾಳಂಗಳ ಬೆಂಬಲವನ್ನು ಅಧಿಕೃತವಾಗಿ ಘೋಷಿಸಿದ್ದು 2012ರ 4.1ನೆಯ ಆವೃತ್ತಿ. ಫೋನಿನ ಸೂಚನೆಗಳನ್ನೇ ಕನ್ನಡದಲ್ಲಿ ಓದುವ ಅವಕಾಶ ಬಂದದ್ದು 2014ರ 5.0ರಲ್ಲಿ, ಅದೇ ಆವೃತ್ತಿಯಲ್ಲಿ ಮರಾಠಿಯೂ ಬಂದಿತು. 2016ರ 7.0 ಬಳಕೆದಾರನಿಗೆ ಭಾಷೆಗಳ ಪಟ್ಟಿಯೊಂದನ್ನು ಆದ್ಯತೆಯ ಕ್ರಮದಲ್ಲಿ ಕೊಡಲು ಅವಕಾಶವಿತ್ತಿತು. ಕನ್ನಡ ಮೊದಲು, ಮರಾಠಿ ಎರಡನೆಯದೆಂದು ಪಟ್ಟಿ ಮಾಡಿದರೆ, ಕನ್ನಡವಿಲ್ಲದ ಆದರೆ ಮರಾಠಿಯುಳ್ಳ ಆ್ಯಪ್ ಇಂಗ್ಲಿಷಿಗೆ ಜಾರದೆ ಮರಾಠಿಯಲ್ಲಿ ತೆರೆಯಬಲ್ಲದು. 2022ರ 13ನೆಯ ಆವೃತ್ತಿ, ಆ್ಯಪ್ ಒಪ್ಪಿದಲ್ಲಿ, ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಭಾಷೆಯನ್ನು ಗೊತ್ತುಪಡಿಸುವ ಸೌಲಭ್ಯ ಕೊಟ್ಟಿತು. ದ್ವಿಭಾಷಿಕ ಸಮಾಜದ ನಿತ್ಯದ ರೂಢಿಗೆ ಯಂತ್ರವು ಇಷ್ಟು ಹತ್ತಿರ ಬಂದದ್ದು ಇದೇ ಮೊದಲು. ಮನೆಮಾತಿನ ಸಂದೇಶಗಳಿಗೆ ಕನ್ನಡ, ಕಂದಾಯದ ಕೆಲಸಕ್ಕೆ ಮರಾಠಿ ಎಂಬ ವಿಂಗಡಣೆಯನ್ನು ವಳಸಂಗದ ಬದುಕು ಮೊದಲಿನಿಂದಲೂ ಮಾಡಿಕೊಂಡೇ ಬಂದಿದೆ.

ಆ್ಯಪಲ್ ಫೋನಿನ ಇತಿಹಾಸ ಈ ಎರಡೂ ಪಕ್ಷಗಳನ್ನು ಒಂದೇ ಘಟನೆಯಲ್ಲಿ ತೋರಿಸುತ್ತದೆ. 2017ರ ಸೆಪ್ಟೆಂಬರಿನ ಐಓಎಸ್ 11 ಕನ್ನಡದ ಕೀಲಿಮಣೆಯನ್ನು ತಂದಿತು. ಅದೇ ಐಓಎಸ್ 11, 32 ಬಿಟ್‌ಗಳ ಹಳೆಯ ಆ್ಯಪ್‌ಗಳೆಲ್ಲವನ್ನೂ ನಿಲ್ಲಿಸಿತು. ಒಂದು ಕೈಯಲ್ಲಿ ಅಕ್ಷರವನ್ನು ಕೊಟ್ಟು ಇನ್ನೊಂದು ಕೈಯಲ್ಲಿ ಹಳೆಯ ಸಾಮಗ್ರಿಯನ್ನು ಕಿತ್ತುಕೊಂಡ ಆವೃತ್ತಿಯದು. ಏರಬೇಕೆ ಬೇಡವೆ ಎಂಬುದಕ್ಕೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿಲ್ಲದಿರುವುದು ಇದರಿಂದಲೇ.

ದುರಸ್ತಿಯನ್ನು ಬಿಡುವುದರ ಬೆಲೆ

ದುರಸ್ತಿಯ ಸ್ವಭಾವ ಹೀಗಲ್ಲ. ಅದು ಭಾಷೆಯನ್ನು ಕೊಡುವುದೂ ಇಲ್ಲ, ಸಾಮಾನ್ಯವಾಗಿ ಕಸಿಯುವುದೂ ಇಲ್ಲ, ಇದ್ದುದನ್ನು ಕಾಯುತ್ತದೆ. ಇದಕ್ಕೆ ಭಾರತೀಯ ಲಿಪಿಯೇ ಕಾರಣವಾದ ಒಂದು ಪ್ರಕರಣವಿದೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರವನ್ನು ಬರೆಯುವ ಒಂದು ವಿಶಿಷ್ಟ ಸಂಕೇತಕ್ರಮ ಸಂದೇಶದಲ್ಲಿ ಬಂದೊಡನೆ ಐಓಎಸ್ 11.2.5ರ ಆ್ಯಪ್‌ಗಳು ಕುಸಿದು ಬೀಳತೊಡಗಿದವು. ವ್ಯಂಜನ, ಹಲಂತ, ವ್ಯಂಜನ, ಕಣ್ಣಿಗೆ ಕಾಣದ ವಿಭಜಕ ಮತ್ತು ಸ್ವರಚಿಹ್ನೆ — ಇವು ಒಂದರ ಹಿಂದೊಂದು ಬಂದಾಗ ಅಕ್ಷರ ಜೋಡಿಸುವ ತಂತ್ರಾಂಶ ತಪ್ಪುತ್ತಿತ್ತು. ಬಂಗಾಳಿ ಮತ್ತು ದೇವನಾಗರಿಯ ಕೆಲವು ಜೋಡಣೆಗಳಲ್ಲಿಯೂ ಇದೇ ತೊಂದರೆ ಕಂಡಿತು. ಫೆಬ್ರವರಿ 19ರಂದು ಬಂದ 11.2.6 ಅದನ್ನು ಸರಿಪಡಿಸಿತು. ಆವೃತ್ತಿ 11 ಆಗಿಯೇ ಉಳಿಯಿತು. ಕೊನೆಯ ಅಂಕಿ ಮಾತ್ರ ಬದಲಾಯಿತು. ಈ ಸಣ್ಣ ಅಂಕಿಯನ್ನು ಅಲಕ್ಷಿಸಿದವನ ಫೋನು ಕನ್ನಡದ ಸೋದರಲಿಪಿಯ ಒಂದು ಅಕ್ಷರಕ್ಕೇ ತತ್ತರಿಸುತ್ತಿತ್ತು.

ಇನ್ನುಳಿದ ದೋಷಗಳು ಇಷ್ಟು ಕಣ್ಣಿಗೆ ಕಾಣುವಂಥವಲ್ಲ. 2023ರ ಸೆಪ್ಟೆಂಬರ್ 7ರಂದು ಬಂದ ಐಓಎಸ್ 16.6.1, ಬಳಕೆದಾರ ಏನನ್ನೂ ಒತ್ತದಿದ್ದರೂ ಬೇಹುಗಾರಿಕೆಯ ತಂತ್ರಾಂಶ ಒಳಸೇರಬಹುದಾಗಿದ್ದ ದಾರಿಯನ್ನು ಮುಚ್ಚಿತು. ಹನ್ನೊಂದು ದಿನಗಳಲ್ಲಿ ಐಓಎಸ್ 17 ಬರಲಿತ್ತು. ‘ಹೇಗೂ ಹೊಸತು ಬರುತ್ತಿದೆ, ಆಗಲೇ ನೋಡೋಣ’ ಎಂದವನು ಆ ಅವಧಿಯಲ್ಲಿ ಬಾಗಿಲು ತೆರೆದಿಟ್ಟವನೇ. ದೋಷದ ವಿವರವೂ ದುರಸ್ತಿಯೂ ಒಟ್ಟಿಗೆ ಪ್ರಕಟವಾಗುವುದರಿಂದ, ದುರಸ್ತಿ ಬಂದ ದಿನದಿಂದ ಅದನ್ನು ಹಾಕಿಕೊಳ್ಳದವನ ಅಪಾಯ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಎಲ್ಲಿ ಬಿರುಕಿದೆಯೆಂದು ಅಂದು ಕಳ್ಳನಿಗೂ ತಿಳಿಯುತ್ತದೆ.

ಬೇರ್ಪಡಿಸುವ ಅಧಿಕಾರ ಯಾರದು?

ಹಾಗಾದರೆ ಆವೃತ್ತಿಯನ್ನು ಮುಂದೂಡಿ ದುರಸ್ತಿಯನ್ನು ಮಾತ್ರ ಪಡೆಯಬಹುದಷ್ಟೇ ಎಂಬ ಪ್ರಶ್ನೆ ಏಳುತ್ತದೆ. ತತ್ತ್ವಕ್ಕೆ ಹೌದು, ವ್ಯವಹಾರದಲ್ಲಿ ಅದು ಬಳಕೆದಾರನ ಕೈಯಲ್ಲಿ ಪೂರ್ತಿಯಾಗಿಲ್ಲ.

ಆ್ಯಪಲ್ ಸಂಸ್ಥೆ 2021ರ ಸೆಪ್ಟೆಂಬರಿನಲ್ಲಿ ಐಓಎಸ್ 15ನ್ನು ಬಿಡುಗಡೆ ಮಾಡಿದಾಗ, 14ರಲ್ಲಿಯೇ ಉಳಿದು ಭದ್ರತಾ ದುರಸ್ತಿಗಳನ್ನು ಪಡೆಯುವ ಆಯ್ಕೆಯನ್ನು ಸ್ಪಷ್ಟವಾಗಿ ನೀಡಿತು. ಅಕ್ಟೋಬರಿನಲ್ಲಿ 14.8.1 ಬಂದಿತು. 2022ರ ಜನವರಿಯ ಹೊತ್ತಿಗೆ ಆ ದಾರಿ ಮುಚ್ಚಿತು. ಅದು ತಾತ್ಕಾಲಿಕವೇ ಆಗಿತ್ತೆಂಬ ವಿವರಣೆ ಬಂದಿತು. ಆಮೇಲಿನ ವರ್ಷಗಳಲ್ಲಿ ಹೊಸ ಆವೃತ್ತಿಯ ಬೆನ್ನಿಗೇ ಹಳೆಯದಕ್ಕೂ ದುರಸ್ತಿ ಬಂದದ್ದುಂಟು: 2023ರಲ್ಲಿ 17ರ ಜೊತೆಗೆ 16.7, 2024ರಲ್ಲಿ 18ರ ಜೊತೆಗೆ 17.7. ಆದರೆ ಈ ಸೌಲಭ್ಯ ಎಷ್ಟು ದಿನ ಇರುತ್ತದೆ ಎಂಬುದನ್ನು ನಿರ್ಧರಿಸುವುದು ಸಂಸ್ಥೆ.

ಭಾರತದ ಬಹುಪಾಲು ಫೋನುಗಳಿರುವ ಆಂಡ್ರಾಯ್ಡ್‌ನಲ್ಲಿ ಸ್ಥಿತಿ ಇನ್ನೂ ತೊಡಕಿನದು. ಗೂಗಲ್ ಹಳೆಯ ಆವೃತ್ತಿಗಳಿಗೂ ದುರಸ್ತಿಗಳನ್ನು ಸಿದ್ಧಪಡಿಸುತ್ತದೆ. ಒಂದು ಆವೃತ್ತಿಗೆ ಇದು ಸುಮಾರು ಮೂರೂವರೆ ವರ್ಷ ದೊರೆಯುತ್ತದೆ. 2021ರ ಅಕ್ಟೋಬರಿನ ಆಂಡ್ರಾಯ್ಡ್ 12ಕ್ಕೆ ಇದು 2025ರ ಮಾರ್ಚ್‌ವರೆಗೆ ದೊರೆಯಿತು. ಆದರೆ ಆ ದುರಸ್ತಿಯನ್ನು ನಿರ್ದಿಷ್ಟ ಮಾದರಿಯ ಫೋನಿಗೆ ಹೊಂದಿಸಿ ಕಳಿಸುವುದು ತಯಾರಕ. ಒಂದು ಮಾದರಿಗೆ ಹೊಸ ಆವೃತ್ತಿ ದೊರೆತ ಮೇಲೆ ತಯಾರಕರು ಸಾಮಾನ್ಯವಾಗಿ ದುರಸ್ತಿಗಳನ್ನು ಆ ಹೊಸ ಆವೃತ್ತಿಯ ಮೇಲೆಯೇ ಕಳಿಸುತ್ತಾರೆ. ಅದನ್ನು ಒಲ್ಲೆನೆಂದವನಿಗೆ ಮುಂದಿನ ತಿಂಗಳ ಭದ್ರತಾ ದುರಸ್ತಿಯೂ ನಿಲ್ಲುತ್ತದೆ. ಪ್ಲೇ ಮೂಲಕ ಬರುವ ಬಿಡಿಭಾಗಗಳಷ್ಟೇ ಮುಂದುವರಿಯುತ್ತವೆ. ಅಂದರೆ ಆಂಡ್ರಾಯ್ಡ್ ಬಳಕೆದಾರನು ಮನೆ ಕಟ್ಟಿಸುವುದನ್ನು ಮುಂದೂಡಿದಾಗ ಚಿಲಕದ ಬಡಗಿಯೂ ಬರುವುದನ್ನು ನಿಲ್ಲಿಸುತ್ತಾನೆ. ಮುಂದೂಡಿಕೆ ಅಲ್ಪಾವಧಿಯದಾಗಿರಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣವಿಲ್ಲ.

ಸಂಸ್ಥೆಗಳಿಗೆ ಮಾತ್ರ ಇಲ್ಲಿ ಕ್ರಮಬದ್ಧವಾದ ಹಕ್ಕಿದೆ. ಕಚೇರಿಯೊಂದು ತನ್ನ ನಿರ್ವಹಣೆಯಲ್ಲಿರುವ ಆಂಡ್ರಾಯ್ಡ್ ಫೋನುಗಳಲ್ಲಿ ವ್ಯವಸ್ಥೆಯ ಬದಲಾವಣೆಯನ್ನು 30 ದಿನ ಮುಂದೂಡಬಹುದು. ವಿಶೇಷ ಕಾಲಗಳಲ್ಲಿ 90 ದಿನಗಳವರೆಗೆ ತಡೆಹಿಡಿಯಬಹುದು. ಆದರೆ ಅಂಥ ಎರಡು ತಡೆಗಳ ನಡುವೆ ಕನಿಷ್ಠ 60 ದಿನಗಳ ಬಿಡುವು ಇರಲೇಬೇಕು. ಆ್ಯಪಲ್ ಫೋನುಗಳಲ್ಲಿಯೂ ಸಂಸ್ಥೆಗಳಿಗೆ 90 ದಿನಗಳ ಮಿತಿಯಿದೆ. ಈ ಅಂಕಿಗಳು ಗಮನಾರ್ಹ. ಮುಂದೂಡಿಕೆ ನ್ಯಾಯವಾದದ್ದು, ಆದರೆ ಅದಕ್ಕೆ ಗಡುವಿರಬೇಕು ಎಂಬ ತಿಳಿವಳಿಕೆ ಇವುಗಳಲ್ಲಿದೆ. ಅದೇ ತಿಳಿವಳಿಕೆಯನ್ನು ಒಬ್ಬೊಂಟಿ ಬಳಕೆದಾರನು ತಾನೇ ತಂದುಕೊಳ್ಳಬೇಕಾಗಿದೆ.

ಇನ್ನು ಫೋನಿನ ಆಯುಷ್ಯದ ಮಾತು. 2023ರ ಪಿಕ್ಸೆಲ್ 8 ಮತ್ತು 2024ರ ಗ್ಯಾಲಕ್ಸಿ ಎಸ್24 ಮಾದರಿಗಳಿಗೆ ಏಳು ವರ್ಷಗಳ ದುರಸ್ತಿಯ ಭರವಸೆ ಘೋಷಿತವಾಯಿತು. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಒಂದು ಮಾದರಿಯ ಮಾರಾಟ ಮುಗಿದ ಮೇಲೆಯೂ ಕನಿಷ್ಠ ಐದು ವರ್ಷ ದುರಸ್ತಿಗಳು ದೊರೆಯಬೇಕೆಂಬ ನಿಯಮ ಜಾರಿಗೆ ಬಂದಿದೆ. ಅಗ್ಗದ ಫೋನುಗಳ ಅವಧಿ ಬಹಳ ಕಡಿಮೆ. ಮಳೆಯನ್ನೇ ನೆಚ್ಚಿದ ತಾಲ್ಲೂಕಿನಲ್ಲಿ ಫೋನನ್ನು ಮೂರು ವರ್ಷಕ್ಕೊಮ್ಮೆ ಬದಲಿಸಬೇಕೆಂಬ ಉಪದೇಶಕ್ಕೆ ಅರ್ಥವಿಲ್ಲ. ಕೊಳ್ಳುವ ಮೊದಲು ಕ್ಯಾಮೆರಾದ ಬಗ್ಗೆ ಕೇಳುವಂತೆಯೇ ‘ಭದ್ರತಾ ದುರಸ್ತಿ ಎಲ್ಲಿಯವರೆಗೆ ಬರುತ್ತದೆ?’ ಎಂದು ಕೇಳುವುದೊಂದೇ ಅಲ್ಲಿಯ ಗ್ರಾಹಕನಿಗಿರುವ ಬಲ. ದುರಸ್ತಿ ನಿಂತುಹೋದ ಹಳೆಯ ಫೋನನ್ನು ಮಕ್ಕಳ ಪಾಠಕ್ಕೆ ಇಟ್ಟುಕೊಳ್ಳಬಹುದು. ಹಣದ ವ್ಯವಹಾರವನ್ನು ಅದರಿಂದ ತೆಗೆದುಬಿಡುವುದು ಲೇಸು. ಸಂಪರ್ಕದ ಆ್ಯಪ್‌ಗಳು ತಾವಾಗಿಯೇ ದೂರವಾಗುವ ದಿನವೂ ಬರುತ್ತದೆ: ವಾಟ್ಸ್‌ಆ್ಯಪ್ 2023ರ ಅಕ್ಟೋಬರ್ 24ರಿಂದ ಆಂಡ್ರಾಯ್ಡ್ 5.0ಕ್ಕಿಂತ ಹಳೆಯ ಫೋನುಗಳ ಬೆಂಬಲವನ್ನು ನಿಲ್ಲಿಸಿತು.

ಕಾಯುವ ಕ್ರಮ

ಮೇಲಿನ ವಿವರಗಳಿಂದ ಒಂದು ನಡೆಯ ಕ್ರಮ ಹೊರಡುತ್ತದೆ. ಆವೃತ್ತಿ ಬದಲಾಗದೆ ಬರುವ ಭದ್ರತಾ ದುರಸ್ತಿಯನ್ನು ಬಂದ ವಾರದಲ್ಲಿಯೇ ಹಾಕಿಕೊಳ್ಳಬೇಕು. ಹೊಸ ಆವೃತ್ತಿ ಬಂದರೆ ಕೆಲವು ವಾರ ಕಾಯಬಹುದು; ಆ ಅವಧಿ ಸುಮ್ಮನೆ ಕಳೆಯುವುದಕ್ಕಲ್ಲ, ಸಿದ್ಧತೆಗೆ. ಧ್ವನಿಮುದ್ರಣಗಳನ್ನೂ ಚಿತ್ರಗಳನ್ನೂ ಬೇರೆಡೆ ಪ್ರತಿ ಮಾಡಿಡುವುದು, ಕೀಲಿಮಣೆಯಲ್ಲಿ ಕೂಡಿಟ್ಟ ಸ್ವಂತ ಪದಗಳ ಪಟ್ಟಿಯನ್ನು ಉಳಿಸಿಕೊಳ್ಳುವುದು, ನಿತ್ಯ ಬೇಕಾದ ಆ್ಯಪ್‌ಗಳು ಹೊಸ ಆವೃತ್ತಿಯಲ್ಲಿ ನಡೆಯುತ್ತವೆಯೆ ಎಂದು ಅದೇ ಮಾದರಿಯ ಫೋನುಳ್ಳವರಲ್ಲಿ ವಿಚಾರಿಸುವುದು ಈ ಸಿದ್ಧತೆಯ ಭಾಗ. ಗಡಿನಾಡಿನ ಕನ್ನಡದಲ್ಲಿ ಮರಾಠಿ ಮೂಲದ ಎಷ್ಟೋ ಪದಗಳು ಬಳಕೆಯಲ್ಲಿವೆ. ಶಿಷ್ಟ ಕನ್ನಡವನ್ನು ಆಧರಿಸಿದ ಕೀಲಿಮಣೆಗಳು ಅವನ್ನು ತಾವಾಗಿ ಸೂಚಿಸಲಾರವು. ಹೀಗಾಗಿ ಆ ಸ್ವಂತ ಪಟ್ಟಿಯೇ ಒಂದು ಸಣ್ಣ ಪ್ರಾದೇಶಿಕ ನಿಘಂಟು. ಅದನ್ನು ಕಳೆದುಕೊಳ್ಳುವುದು ಭಾಷಾಸಂಶೋಧಕನಿಗೂ ನಷ್ಟವೇ. ಬೆಳೆ ನೋಂದಣಿಯ ಗಡುವು ಹತ್ತಿರವಿರುವಾಗ ಆವೃತ್ತಿಯನ್ನು ಬದಲಿಸದೆ, ನೋಂದಣಿ ಮುಗಿದೊಡನೆ ಬದಲಿಸುವುದು ಯುಕ್ತ. ಕಾಯುವಿಕೆ ಮೂರು ತಿಂಗಳನ್ನು ಮೀರಬಾರದು.

ಇದೆಲ್ಲವೂ ಸಾಧ್ಯವಾಗಬೇಕಾದರೆ ಪರದೆಯ ಮೇಲಿನ ಸೂಚನೆ ಓದುವವನಿಗೆ ಅರ್ಥವಾಗಬೇಕು. ಫೋನಿನ ಭಾಷೆ ಕನ್ನಡವಾಗಿದ್ದರೂ ಅನುವಾದವಾಗದ ಸೂಚನೆ ಇಂಗ್ಲಿಷಿನಲ್ಲಿಯೇ ಮೂಡುತ್ತದೆ. ಅನುವಾದವಾದಲ್ಲಿಯೂ ‘ಅಪ್‌ಡೇಟ್ ಲಭ್ಯವಿದೆ’ ಎಂಬ ಒಂದೇ ವಾಕ್ಯದಲ್ಲಿ ಎರಡು ಕ್ರಿಯೆಗಳೂ ಅಡಗಿರುತ್ತವೆ. ಸೂಚನೆ ತಿಳಿಯದವನು ಎಲ್ಲಕ್ಕೂ ‘ಆಮೇಲೆ’ ಎನ್ನುತ್ತಾನೆ, ಇಲ್ಲವೆ ಎಲ್ಲಕ್ಕೂ ‘ಆಗಲಿ’ ಎನ್ನುತ್ತಾನೆ. ಎರಡೂ ಸಮ್ಮತಿಯಲ್ಲ. ಕನ್ನಡ ಪರಿಭಾಷೆಯನ್ನು ರೂಪಿಸುವವರು ಈ ಎರಡಕ್ಕೆ ಎರಡು ಹೆಸರುಗಳನ್ನು ರೂಢಿಗೆ ತಂದರೆ ಅದು ಅಲ್ಪ ಸೇವೆಯಲ್ಲ. ‘ಆವೃತ್ತಿ ಬದಲಾವಣೆ’, ‘ಭದ್ರತಾ ದುರಸ್ತಿ’ ಎಂಬವು ಸಾಲಬಹುದು. ದುರಸ್ತಿ ಎಂಬ ಪದ ಕನ್ನಡಕ್ಕೂ ಮರಾಠಿಗೂ ಸಮಾನವಾಗಿ ಸೇರಿದ್ದು, ಗಡಿಯ ಎರಡೂ ಬದಿಗೆ ಪರಿಚಿತ. ಬಾಲಭಾರತಿಯ ಕನ್ನಡ ಪುಸ್ತಕಗಳನ್ನು ಓದುವ ಮಕ್ಕಳೇ ಎಷ್ಟೋ ಮನೆಗಳಲ್ಲಿ ಹಿರಿಯರಿಗಾಗಿ ಈ ಸೂಚನೆಗಳನ್ನು ಓದಿ ಹೇಳುವವರು. ಅವರ ಪಾಠದಲ್ಲಿ ಈ ಎರಡು ಪದಗಳಿಗೆ ಅರ್ಧ ಪುಟ ದೊರೆತರೆ ಹೊಲದ ದಾಖಲೆಯೂ ಬ್ಯಾಂಕಿನ ಹಣವೂ ಒಂದಿಷ್ಟು ಹೆಚ್ಚು ಸುರಕ್ಷಿತವಾಗುತ್ತವೆ.